ಇಪ್ಪತ್ತು ಡಾಲರ್‌ನಲ್ಲಿ ಊಟದ ಮೇಜಿಗೊಂದು ದೆವ್ವ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹ್ಯಾಲೋವೀನ್ ಸಂಜೆ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಕ್ಯಾಂಡಿ ಕೇಳುವ ಟ್ರಿಕ್ ಆರ್ ಟ್ರೀಟ್ ಮುಗಿಸಿ ಬಂದ ಮೇಲೆ ನಮ್ಮ ಮನೆಯಲ್ಲಿ ಪಾಟ್‌ಲಕ್ ಊಟ, ಪ್ರತಿ ಮನೆಯವರೂ ಒಂದೊಂದು ಅಡುಗೆ ತರುತ್ತಾರೆ. ನಾಲ್ಕು ಕುಟುಂಬ, ಮಕ್ಕಳು 3ರಿಂದ 10 ವರ್ಷದವರು. ಊಟ ಜೋಡಿಸುವ ಮೇಜಿನ ನಡುವೆ ಇಡಲು ಮೈ ಜುಂ ಅನ್ನಿಸುವಂಥ ಅಲಂಕಾರವೊಂದನ್ನು ನಾನೇ ಮಾಡಬೇಕು ಅಂತ ಆಸೆ. ಖರ್ಚು 20 ಡಾಲರ್ ಮೀರಬಾರದು. ಹೋದ ವರ್ಷ ಡಾಲರ್ ಅಂಗಡಿಯಿಂದ ಬುರುಡೆ, ಜೇಡ, ಬಾವಲಿ ಎಲ್ಲ ತಂದು ಜೋಡಿಸಿದ್ದೆ. ಅಗ್ಗದ ಪ್ಲಾಸ್ಟಿಕ್ ಅನ್ನೋದು ದೂರದಿಂದಲೇ ಗೊತ್ತಾಗುತ್ತಿತ್ತು. ಈ ಸಲ ಡ್ರೈ ಐಸ್ ಹಾಕಿ ಹೊಗೆ ಬರಿಸಬಹುದಾ? ಇನ್ನೊಂದು ವಿಷಯ. ಊರಿಂದ ಅತ್ತೆ ಮಾವ ಬಂದಿದ್ದಾರೆ. ದೀಪಾವಳಿ ಆಸುಪಾಸಿನಲ್ಲಿ ಮನೆಯೊಳಗೆ ತಲೆಬುರುಡೆ ಇಡಬೇಡ ಅಂತ ಅತ್ತೆ ಹೇಳಿದ್ದಾರೆ. ಮಾಡಿದ್ದನ್ನು ಮುಂದಿನ ವರ್ಷಕ್ಕೆ ಎತ್ತಿಡಬಹುದಾ ಅನ್ನೋದನ್ನೂ ತಿಳಿಸಿ.

ಉತ್ತರ: ಮೊದಲು ಅತ್ತೆಯವರ ಮಾತು. ಬುರುಡೆ ಬೇಡ ಅಂದರೆ ಬೇಡ, ಬಿಟ್ಟುಬಿಡಿ. ಅದರಿಂದ ನಿಮಗೆ ನಷ್ಟವೇನಿಲ್ಲ. ಅಮೆರಿಕದ ಅಂಗಡಿಗಳಲ್ಲಿ ಬೇಸಿಗೆ ಮುಗಿಯುವ ಮೊದಲೇ ಪ್ಲಾಸ್ಟಿಕ್ ಬುರುಡೆಗಳು ಬಂದು ಕೂತಿರುತ್ತವೆ. ಅಕ್ಟೋಬರ್ 31ರ ಹೊತ್ತಿಗೆ ಅವಕ್ಕೆ ಹೆದರುವ ಮಗು ಒಂದೂ ಉಳಿದಿರುವುದಿಲ್ಲ. ಅದರ ಜಾಗಕ್ಕೆ ನಮ್ಮೂರ ಕಡೆಯದೇ ಒಂದು ಮುಖ ಇದೆ, ಮುಂದೆ ಹೇಳುತ್ತೇನೆ. ಅದಕ್ಕೆ ಅತ್ತೆಯವರೇ ಬ್ರಷ್ ಹಿಡಿದು ಕೂತರೂ ಕೂರಬಹುದು.

ಇನ್ನು ಹೋದ ವರ್ಷದ್ದು ಯಾಕೆ ಕೆಟ್ಟಿತು? ಸಾಮಾನು ಅಗ್ಗದ್ದು ಅನ್ನೋದು ಕಾರಣವಲ್ಲ. ನಾಟಕದ ರಂಗಸಾಮಗ್ರಿ ಮಾಡುವವರೂ ರಟ್ಟು, ಥರ್ಮಾಕೋಲ್, ಗೋಣಿಬಟ್ಟೆಯನ್ನೇ ಬಳಸುತ್ತಾರೆ. ಗುಟ್ಟು ಬಿಟ್ಟುಕೊಡುವುದು ಹೊಳಪು. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಮೇಲೆ ಬೆಳಕು ಬಿದ್ದರೆ ಮಿಂಚುತ್ತದೆ. ಮಿಂಚಿದ ಕೂಡಲೇ ಅದು ಪ್ಲಾಸ್ಟಿಕ್ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಸವೆದ ಮರ, ದೂಳು ಹಿಡಿದ ಬಾಟಲಿ, ಹಳೆಯ ಮೇಣ ಇವು ಯಾವುವೂ ಹಾಗೆ ಮಿಂಚುವುದಿಲ್ಲ. ಎರಡನೆಯದು, ಚಾವಣಿಯ ದೀಪ ಎಲ್ಲವನ್ನೂ ಒಂದೇ ಸಮನೆ ಬೆಳಗುತ್ತದೆ. ನೆರಳಿಗೇ ಜಾಗ ಇಲ್ಲದಿದ್ದರೆ ಹೆದರಿಕೆ ಎಲ್ಲಿಂದ ಬರಬೇಕು? ಮೂರನೆಯದು ಗದ್ದಲ. ಜೇಡ, ಬಾವಲಿ, ಬುರುಡೆ, ಕೈ, ಕಣ್ಣುಗುಡ್ಡೆ ಎಲ್ಲ ಒಟ್ಟಿಗೆ ಇಟ್ಟರೆ ಯಾವುದನ್ನು ನೋಡಬೇಕು ಅಂತಲೇ ತಿಳಿಯುವುದಿಲ್ಲ. ಹಾಗಾಗಿ ನನ್ನ ಸಲಹೆ ಇಷ್ಟೇ, ಉಳಿದದ್ದೆಲ್ಲ ಅದರ ವಿವರ: ಹೊಳಪು ತೆಗೆಯಿರಿ, ಸಾಮಾನು ಕಡಿಮೆ ಮಾಡಿ, ಬೆಳಕು ಕೆಳಗಿನಿಂದ ಬರಲಿ.

ಅಗ್ಗದ್ದು ಅಂತ ಸಂಕೋಚವೂ ಬೇಡ. ಈ ಹಬ್ಬ ಬೆಳೆದು ಬಂದದ್ದೇ ಕೈಗೆ ಸಿಕ್ಕಿದ್ದನ್ನು ಬಳಸಿಕೊಂಡು. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು, ಮುಖ ಕೆತ್ತಿ, ಒಳಗೆ ದೀಪ ಇಡುತ್ತಿದ್ದರು. 19ನೇ ಶತಮಾನದಲ್ಲಿ ಅಲ್ಲಿಂದ ವಲಸೆ ಬಂದವರಿಗೆ ಇಲ್ಲಿ ಕುಂಬಳಕಾಯಿ ಸಿಕ್ಕಿತು. ದೊಡ್ಡದು, ಕೊರೆಯಲೂ ಸುಲಭ. ಮೇಜಿನ ಅಲಂಕಾರಕ್ಕೂ ನೂರು ವರ್ಷ ಮೀರಿದ ಇತಿಹಾಸ ಇದೆ. ಮಸಾಚುಸೆಟ್ಸ್‌ನ ಡೆನಿಸನ್ ಕಂಪನಿ ತನ್ನ ಕ್ರೇಪ್ ಕಾಗದ ಮಾರುವುದಕ್ಕೆಂದೇ ಹ್ಯಾಲೋವೀನ್ ಪಾರ್ಟಿಯ ಮಾದರಿಗಳನ್ನು ತುಂಬಿದ ಪುಟ್ಟ ಪುಸ್ತಿಕೆಗಳನ್ನು 1909ರಿಂದ ಹೊರತರತೊಡಗಿತು. ಆಗಿನ ಗೃಹಿಣಿಯರು ಕಾಗದ, ತಂತಿ, ಅಂಟು ಇಟ್ಟುಕೊಂಡೇ ಇಡೀ ಮೇಜು ಸಿಂಗರಿಸುತ್ತಿದ್ದರು.

ನಿಮ್ಮ ಮೇಜಿಗೆ ನಾನು ಯೋಚಿಸಿರುವುದು ಇದು: ಒಂದು ಹಳೆಯ ಟ್ರೇ, ಅದರ ನಡುವೆ ಗಾಳಿಯಲ್ಲಿ ನಿಂತ ಹಾಗೆ ಕಾಣುವ ಬಟ್ಟೆಯ ದೆವ್ವ, ಹಿಂದೆ ಒಂದು ಒಣ ಕೊಂಬೆ, ಮುಂದೆ ಕರಗಿದ ಮೂರು ಮೇಣದಬತ್ತಿ, ಒಂದು ಬಿಳಿ ಕುಂಬಳ, ಪಕ್ಕದಲ್ಲಿ ಒಂದೆರಡು ಬಾಟಲಿ. ಬಣ್ಣ ಮೂರೇ: ಕಪ್ಪು, ಮಾಸಿದ ಬಿಳಿ, ಮಣ್ಣಿನ ಕಂದು. ಕಿತ್ತಳೆ ಬಣ್ಣ ಬೇಡವೇ ಬೇಡ. ಅದು ಬಂದರೆ ಮೇಜು ಹಬ್ಬದ ಅಂಗಡಿಯ ಕಡೆಗೆ ಜಾರುತ್ತದೆ.

ಟ್ರೇ ಯಾಕೆ ಅಂತ ಹೇಳಿಬಿಡುತ್ತೇನೆ. ಎಲ್ಲವನ್ನೂ ಅದರ ಮೇಲೇ ಅಂಟಿಸಿದರೆ ಇಡೀ ಅಲಂಕಾರವನ್ನು ಒಂದೇ ಸಲಕ್ಕೆ ಎತ್ತಬಹುದು. ಊಟ ಮುಗಿದ ಕೂಡಲೇ ಗ್ಯಾರೇಜಿಗೆ ಸಾಗಿಸಬಹುದು. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿದ್ದಿತ್ತು, ನೆನಪಿದೆಯಲ್ವಾ? ಅಂಥ ವರ್ಷ ಬೆಳಗ್ಗೆ ಎಣ್ಣೆಸ್ನಾನ, ಸಂಜೆ ದೆವ್ವ. ದೀಪ ಹಚ್ಚುವ ಹೊತ್ತಿಗೆ ಮೇಜು ಖಾಲಿ ಇರಬೇಕು ಅಂದರೆ ಟ್ರೇ ಒಂದೇ ದಾರಿ. ಮರುದಿನ ನವೆಂಬರ್ 1, ಅದೇ ಮೇಜಿಗೆ ಹಳದಿ ಕೆಂಪು ಬಟ್ಟೆ ಹಾಸುವವರೂ ಇದ್ದೀರಿ.

ಈಗ ದೆವ್ವ. ಸಮಯ ಹಿಡಿಯುವುದು ಇದೊಂದೇ, ಅಲಂಕಾರದ ಜೀವವೂ ಇದೇ. ಬೇಕಾಗಿರುವುದು ಎರಡು ಗಜ ಚೀಸ್‌ಕ್ಲಾತ್, ಅಂದರೆ ಪನೀರು ಸೋಸುವ ಆ ಸಡಿಲ ನೇಯ್ಗೆಯ ಬಟ್ಟೆ. ಗ್ರೋಸರಿ ಅಂಗಡಿಯಲ್ಲಿ ಅಡುಗೆ ಪಾತ್ರೆಗಳ ಸಾಲಿನಲ್ಲಿ ಐದು ಡಾಲರ್ ಒಳಗೆ ಸಿಗುತ್ತದೆ. ಬಿಳಿಯದ್ದೇ ತನ್ನಿ. ತಂದ ಕೂಡಲೇ ಮನೆಯಲ್ಲಿರುವ ಬಟ್ಟೆ ಸೋಪಿನ ಪುಡಿಯಲ್ಲೋ ಲಿಕ್ವಿಡ್‌ನಲ್ಲೋ ಒಂದು ಸಲ ಕೈಯಲ್ಲೇ ಒಗೆದು ಒಣಗಿಸಿ. ಒಗೆಯುವುದು ಕೊಳೆ ಹೋಗಲಿ ಅಂತ ಅಲ್ಲ. ಕಾರಣ ಬೆಳಕಿನ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಎರಡು ಲೀಟರ್ ಸೋಡಾ ಬಾಟಲಿಗೆ ಅರ್ಧ ನೀರು ತುಂಬಿ ಮುಚ್ಚಳ ಹಾಕಿ, ಇಲ್ಲದಿದ್ದರೆ ಒದ್ದೆ ಬಟ್ಟೆಯ ಭಾರಕ್ಕೆ ಉರುಳುತ್ತದೆ. ಬಾಟಲಿಯ ತಲೆಗೆ ಐದು ಇಂಚಿನಷ್ಟು ಊದಿದ ಬಲೂನು ಟೇಪ್ ಮಾಡಿ. ಭುಜದ ಎತ್ತರಕ್ಕೆ ಬಟ್ಟೆ ಹಾಕುವ ಹ್ಯಾಂಗರಿನ ತಂತಿಯನ್ನು ಎರಡು ಕೈಗಳ ಹಾಗೆ ಬಗ್ಗಿಸಿ ಕಟ್ಟಿ. ಎರಡೂ ಕೈ ಒಂದೇ ಎತ್ತರಕ್ಕಿರಬಾರದು. ಒಂದು ಮುಂದೆ ಚಾಚಿರಲಿ, ಇನ್ನೊಂದು ಕೆಳಗೆ ಇಳಿಬಿದ್ದಿರಲಿ. ಅಷ್ಟಕ್ಕೇ ಅದಕ್ಕೊಂದು ನಡಿಗೆ ಬಂದುಬಿಡುತ್ತದೆ. ಎಲ್ಲದರ ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ರ‍್ಯಾಪ್ ಸುತ್ತಿ, ಕೆಳಗೆ ಬೇಕಿಂಗ್‌ಗೆ ಬಳಸುವ, ಅಂಟಿಕೊಳ್ಳದ ಪಾರ್ಚ್‌ಮೆಂಟ್ ಪೇಪರ್ ಹಾಸಿ. ಇವೆರಡು ಇಲ್ಲದಿದ್ದರೆ ಬಟ್ಟೆ ಬಾಟಲಿಗೂ ಮೇಜಿಗೂ ಅಂಟಿಕೊಂಡು ಕೂರುತ್ತದೆ.

ಶಾಲೆಯ ಬಿಳಿ ಅಂಟು ಒಂದು ಪಾಲು, ನೀರು ಒಂದು ಪಾಲು ಬಟ್ಟಲಲ್ಲಿ ಕಲಸಿ. ಬಟ್ಟೆಯನ್ನು 30 ಇಂಚಿನ ಎರಡು ಚೌಕ ಕತ್ತರಿಸಿ. ಒಂದೊಂದಾಗಿ ಅಂಟಿನಲ್ಲಿ ಅದ್ದಿ, ತೊಟ್ಟಿಕ್ಕುವುದು ನಿಲ್ಲುವ ತನಕ ಹಿಂಡಿ, ಬಲೂನಿನ ಮೇಲೆ ಹೊದಿಸಿ. ಎರಡನೆಯ ಚೌಕವನ್ನು ಸ್ವಲ್ಪ ತಿರುಗಿಸಿ ಹಾಕಿ, ಮೂಲೆಗಳು ಮೊದಲನೆಯದರ ಮೂಲೆಗಳ ನಡುವೆ ಬೀಳಲಿ. ಈಗ ಬೆರಳಿನಿಂದ ಅಲ್ಲಲ್ಲಿ ನೂಲು ಎಳೆದು ತೂತು ಮಾಡಿ. ಅಂಚನ್ನು ಕತ್ತರಿಯಿಂದ ಮುಟ್ಟಲೇಬೇಡಿ, ಹರಿಯಿರಿ. ಕತ್ತರಿಸಿದ ಅಂಚು ಹೊಸ ಬಟ್ಟೆ ಅಂತ ಹೇಳುತ್ತದೆ, ಹರಿದ ಅಂಚು ಹಳೆಯದು ಅನ್ನುತ್ತದೆ. ಕೆಳಗಿನ ಅಂಚಿನ ಮೂರು ನಾಲ್ಕು ಕಡೆ ಪಾರ್ಚ್‌ಮೆಂಟ್ ಮೇಲೆ ಚೆನ್ನಾಗಿ ಹರಡಿಕೊಂಡಿರಬೇಕು, ದೆವ್ವ ನಿಲ್ಲುವುದು ಆ ಪಾದಗಳ ಮೇಲೆಯೇ. ಒಂದು ಪೂರ್ತಿ ದಿನ ಬಿಡಿ. ಆಮೇಲೆ ಒಳಗಿನಿಂದ ಬಲೂನು ಒಡೆದು, ಬಾಟಲಿ, ತಂತಿ, ಪ್ಲಾಸ್ಟಿಕ್ ಎಲ್ಲ ಮೆಲ್ಲಗೆ ಬಿಡಿಸಿ. ಬಲೂನಿನ ಚೂರುಗಳನ್ನು ಆಗಲೇ ಕಸಕ್ಕೆ ಹಾಕಿ. 3 ವರ್ಷದ ಮಗುವಿನ ಗಂಟಲಿಗೆ ಅದಕ್ಕಿಂತ ಅಪಾಯದ ವಸ್ತು ಕಡಿಮೆ.

ಅತ್ತೆಯವರು ಕೇಳಬಹುದು, ಅಂಟು ಯಾಕೆ, ಕಾಟನ್ ಸೀರೆಗೆ ಹಾಕುವ ಗಂಜಿ ಸಾಲದಾ ಅಂತ. ಸಾಲುತ್ತದೆ, ಗಟ್ಟಿಯಾಗಿ ಕಾಯಿಸಿದ ಕಾರ್ನ್‌ಸ್ಟಾರ್ಚ್ ಗಂಜಿಯಲ್ಲೂ ದೆವ್ವ ನಿಲ್ಲುತ್ತದೆ. ಮೂರು ನಾಲ್ಕು ಕಾಸಿನ ಖರ್ಚು. ಆದರೆ ಅದು ಒಂದು ಸಂಜೆಯ ದೆವ್ವ. ತೇವಕ್ಕೆ ಬೇಗ ಸೊರಗುತ್ತದೆ, ಎತ್ತಿಟ್ಟರೆ ಹುಳ ಬೀಳುತ್ತದೆ. ನೀವು ಮುಂದಿನ ವರ್ಷಕ್ಕೂ ಬೇಕು ಅಂದಿದ್ದೀರಿ, ಹಾಗಾಗಿ ಅಂಟೇ ಸರಿ.

ಮೇಣದಬತ್ತಿಗಳಿಗೆ ದುಡ್ಡೇ ಬೇಡ. ಟಾಯ್ಲೆಟ್ ಪೇಪರ್, ಪೇಪರ್ ಟವಲ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ ಸಾಕು. 3, 5, 8 ಇಂಚಿಗೆ ಕತ್ತರಿಸಿ. ಒಳಗಿಡುವ ಪುಟ್ಟ ಬ್ಯಾಟರಿ ದೀಪ, ಅಂದರೆ ಟೀ ಲೈಟ್‌ನ ಅಗಲ ಹೆಚ್ಚುಕಡಿಮೆ ಒಂದೂವರೆ ಇಂಚು, ಟಾಯ್ಲೆಟ್ ರೋಲ್ ಒಳಗೆ ಸರಿಯಾಗಿ ಕೂರುತ್ತದೆ. ಬಾಯಿಂದ ಅರ್ಧ ಇಂಚು ಕೆಳಗೆ ರಟ್ಟಿನ ಬಿಲ್ಲೆಯೊಂದನ್ನು ಅಂಟಿಸಿ, ದೀಪ ಅದರ ಮೇಲೆ ಕೂರಲಿ. ದೀಪವನ್ನು ಮಾತ್ರ ಅಂಟಿಸಬೇಡಿ, ಸ್ವಿಚ್ ಅದರ ತಳದಲ್ಲಿರುತ್ತದೆ.

ಈಗ ಗ್ಲೂ ಗನ್, ಅಂದರೆ ಅಂಟಿನ ಕಡ್ಡಿಯನ್ನು ಬಿಸಿ ಮಾಡಿ ಕರಗಿಸಿ ಸುರಿಸುವ ಪಿಸ್ತೂಲಿನಂಥ ಉಪಕರಣ. ಕೊಳವೆಯ ಬಾಯಂಚಿನಲ್ಲಿ ಗನ್ನಿನ ಮೂಗು ಇಟ್ಟು ನಿಧಾನವಾಗಿ ಒತ್ತಿ, ಅಂಟು ತಾನಾಗಿ ಇಳಿಯಲಿ. ನೀವು ಎಳೆದು ಗೆರೆ ಬರೆಯಬೇಡಿ. ಒಂದು ಹನಿ ಅರ್ಧಕ್ಕೇ ನಿಲ್ಲಲಿ, ಇನ್ನೊಂದು ಬುಡದ ತನಕ ಹೋಗಿ ಮಡುಗಟ್ಟಲಿ, ಒಂದರ ಮೇಲೆ ಇನ್ನೊಂದು ಹತ್ತಲಿ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅಂತ ಮನಸ್ಸಿನಲ್ಲೇ ಅಂದುಕೊಂಡು ಆ ಕಡೆ ಕಡಿಮೆ, ಎದುರು ಕಡೆ ಜಾಸ್ತಿ ಹಾಕಿ. ಆರಿದ ಮೇಲೆ ಬಿಳಿ ಅಕ್ರಿಲಿಕ್ ಬಣ್ಣಕ್ಕೆ ಚೂರು ಹಳದಿ, ಚೂರು ಕಂದು ಬೆರೆಸಿ, ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿ ಬಳಿಯಿರಿ. ಸೋಡಾ ಬಣ್ಣವನ್ನು ಒರಟಾಗಿಸುತ್ತದೆ, ಹೊಳಪನ್ನು ಕೊಲ್ಲುತ್ತದೆ. ಕೊನೆಗೆ ಕಂದು ಬಣ್ಣವನ್ನು ನೀರು ನೀರಾಗಿ ಮಾಡಿ ಮೇಲಿಂದ ಸುರಿದು, ಉಬ್ಬಿದ ಜಾಗವನ್ನು ಒದ್ದೆ ಟಿಶ್ಯೂವಿನಿಂದ ಒರೆಸಿ. ಸಂದುಗಳಲ್ಲಿ ಕೊಳೆ ನಿಂತಂತೆ ಉಳಿಯುತ್ತದೆ. ಬುರುಡೆ ಇಡಲು ಅಡ್ಡಿಯಿಲ್ಲದ ಮನೆಯವರು ಇದೇ ಎರಡು ಕೈ ಬಣ್ಣವನ್ನು ಪ್ಲಾಸ್ಟಿಕ್ ಬುರುಡೆಗೂ ಹಚ್ಚಬಹುದು. ಮೊದಲು ಪಾತ್ರೆ ಸೋಪಿನಲ್ಲಿ ತೊಳೆದಿರಬೇಕು ಅಷ್ಟೆ, ಅಚ್ಚಿನ ಎಣ್ಣೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಗ್ಲೂ ಗನ್ ಬಗ್ಗೆ ಒಂದು ಮಾತು. ಲೋ ಟೆಂಪ್ ಗನ್ನಿನ ಅಂಟೂ ಸುಮಾರು 120 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಹೈ ಟೆಂಪ್‌ನದ್ದು 190ರ ಹತ್ತಿರ. ಬಿದ್ದ ಜಾಗದಲ್ಲಿ ಅಂಟಿಕೊಂಡೇ ಸುಡುತ್ತದೆ. ಮಕ್ಕಳಿಗೆ ಬಣ್ಣದ ಕೆಲಸ ಕೊಡಿ, ಇದನ್ನು ನೀವೇ ಮಾಡಿ.

ಗನ್ ಬಿಸಿ ಇರುವಾಗಲೇ ಜೇಡರ ಬಲೆಯನ್ನೂ ಮಾಡಿಕೊಳ್ಳಿ. ಪಾರ್ಚ್‌ಮೆಂಟ್ ಪೇಪರ್ ಮೇಲೆ ಪೆನ್ಸಿಲಿನಲ್ಲಿ ಬಲೆ ಬರೆದು, ಅದೇ ಗೆರೆಯ ಮೇಲೆ ಅಂಟು ಎಳೆದು, ಆರಿದ ಮೇಲೆ ಸುಲಿದರೆ ಬಲೆ ಹಾಗೇ ಎದ್ದು ಬರುತ್ತದೆ. ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಹತ್ತಿಯಂಥ ಬಲೆ ನಿಮ್ಮ ಮೇಜಿಗೆ ಬೇಡ. ಅದು ಪಾಲಿಯೆಸ್ಟರ್. ನೂಲು ಚಮಚಕ್ಕೆ ಸಿಕ್ಕಿ ಪಲ್ಯಕ್ಕೆ ಬೀಳುತ್ತದೆ. ಹೊರಗೆ ಗಿಡಗಳ ಮೇಲೆ ಹಾಕಿದರೆ ಹಕ್ಕಿಗಳು ಸಿಕ್ಕಿಕೊಳ್ಳುತ್ತವೆ, ಅಲ್ಲೂ ಬೇಡ.

ಕೊಂಬೆಗೆ ನಿಮ್ಮ ಹಿತ್ತಲಲ್ಲೇ ಬಿದ್ದಿರುವ ಓಕ್, ಮೇಪಲ್ ಸಾಕು. ಎರಡು ಅಡಿಯದ್ದು, ಕವಲು ಜಾಸ್ತಿ ಇರುವಂಥದ್ದು. ಕೂದಲು ಕೂದಲಾಗಿ ಬೇರು ಬಿಟ್ಟ ಬಳ್ಳಿ ಮರಕ್ಕೆ ಹತ್ತಿದ್ದರೆ ಕೈ ಹಾಕಬೇಡಿ. ನೋಡಲು ಬಹಳ ಚೆಂದ, ಆದರೆ ಅದು ಪಾಯ್ಸನ್ ಐವಿ ಇರಬಹುದು. ಎಲೆ ಉದುರಿ ಒಣಗಿದ ಮೇಲೂ ಅದರ ಎಣ್ಣೆ ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ. ಕೊಂಬೆಯನ್ನು ಗ್ಯಾರೇಜಿನಲ್ಲಿ ಕೆಲವು ದಿನ ಒಣಗಿಸಿ, ಕೊಡವಿ, ಕಪ್ಪು ಅಕ್ರಿಲಿಕ್ ಬಳಿದು, ಕಲ್ಲು ತುಂಬಿದ ಉಪ್ಪಿನಕಾಯಿ ಬಾಟಲಿಯಲ್ಲಿ ನಿಲ್ಲಿಸಿ. ಸ್ಪ್ರೇ ಬಣ್ಣ ಬೇಗ ಆಗುತ್ತದೆ ನಿಜ, ಡಬ್ಬಿಗೆ ಆರೇಳು ಡಾಲರ್ ಕೊಡಬೇಕು. ಬೇರೆ ಯಾವುದಕ್ಕಾದರೂ ಬಳಸಿದರೆ ಥರ್ಮಾಕೋಲ್ ಮೇಲೆ ಮಾತ್ರ ನೇರವಾಗಿ ಹೊಡೆಯಬೇಡಿ. ಸ್ಪ್ರೇಯೊಳಗಿನ ದ್ರಾವಕ ಅದನ್ನು ಕರಗಿಸಿ ತಿಂದುಹಾಕುತ್ತದೆ. ಹಾಗೆ ನೋಡಿದರೆ ಥರ್ಮಾಕೋಲಿನ ನಕಲಿ ಸಮಾಧಿ ಕಲ್ಲಿಗೆ ಆ ತೂತುಗಳು ಚೆನ್ನಾಗಿಯೇ ಕಾಣುತ್ತವೆ, ಬೇಕೆಂದೇ ಮಾಡುವವರೂ ಇದ್ದಾರೆ.

ಈಗ ಕುಂಬಳ, ಅತ್ತೆಯವರ ಪಾಲಿನದು. ಅಕ್ಟೋಬರ್‌ನಲ್ಲಿ ಇಲ್ಲಿನ ಗ್ರೋಸರಿ ಅಂಗಡಿಗಳಲ್ಲಿ ಬಿಳಿ ಕುಂಬಳ ಬರುತ್ತದೆ. ಅಂಗೈ ಅಗಲದ ಚಿಕ್ಕದೂ ಇರುತ್ತದೆ, ಮಧ್ಯಮ ಗಾತ್ರದ್ದೂ ಇರುತ್ತದೆ. ಮಧ್ಯಮದ್ದೊಂದು ತನ್ನಿ. ಕೊರೆಯಬೇಡಿ. ಕೊರೆದ ಕುಂಬಳ ಮನೆಯೊಳಗಿನ ಸೆಕೆಗೆ ಕೆಲವೇ ದಿನದಲ್ಲಿ ಕುಸಿದು ಬೂಷ್ಟು ಹಿಡಿಯುತ್ತದೆ. ಕೊರೆಯದ್ದು ವಾರಗಟ್ಟಲೆ ಇರುತ್ತದೆ. ಬೆಂಗಳೂರಿನಲ್ಲಿ ಕಟ್ಟುತ್ತಿರುವ ಮನೆಗಳ ಮುಂದೆ ಬೂದುಗುಂಬಳದ ಮೇಲೆ ಬರೆದು ನೇತುಹಾಕುತ್ತಾರಲ್ಲ, ದೃಷ್ಟಿ ತಗಲದಿರಲಿ ಅಂತ? ಆ ರಾಕ್ಷಸನ ಮುಖ ಇದಕ್ಕೆ ಬರೆಯಿರಿ. ಗುಡ್ಡೆ ಹೊರಬಿದ್ದ ಕಣ್ಣು, ತಿರುವಿದ ಮೀಸೆ, ಎರಡು ಕೋರೆಹಲ್ಲು, ಚಾಚಿದ ನಾಲಿಗೆ. ಮೂರು ಬಣ್ಣ ಅಂದೆನಲ್ಲ, ನಾಲಿಗೆಗೆ ಮಾತ್ರ ಕೆಂಪಿಗೆ ಅವಕಾಶ ಕೊಡೋಣ. ಇಡೀ ಮೇಜಿನಲ್ಲಿ ಅದೊಂದೇ ಕೆಂಪು ಇದ್ದರೆ ಮೊದಲು ಕಣ್ಣು ಹೋಗುವುದು ಅಲ್ಲಿಗೇ. ಬರೆಯುವ ಮೊದಲು ಸಿಪ್ಪೆಯನ್ನು ವಿನೆಗರ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಸಿಪ್ಪೆ ಶುಚಿಯಾಗಿದ್ದರೆ ಬಣ್ಣ ನಿಲ್ಲುತ್ತದೆ. ಬಣ್ಣ ಬಳಿದ ಕುಂಬಳವನ್ನು ಆಮೇಲೆ ಹುಳಿಗೆ ಹಾಕುವ ಯೋಚನೆ ಬೇಡ.

ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಈ ಮುಖ ಹೊಸದು. ಅದೇ ಅದರ ಬಲ. ಪಕ್ಕದಲ್ಲಿ ರಟ್ಟಿನ ಚೂರೊಂದರ ಮೇಲೆ 'ನಾಳೆ ಬಾ' ಅಂತ ಬರೆದು ಕೊಂಬೆಗೆ ತೂಗುಹಾಕಿ. 90ರ ದಶಕದಲ್ಲಿ ಊರಲ್ಲಿದ್ದ ದೊಡ್ಡವರು ನೋಡಿ ನಗುತ್ತಾರೆ. ಮಕ್ಕಳು ಏನದು ಅಂತ ಕೇಳಿದರೆ ಮಾವನವರಿಗೆ ಕಥೆ ಹೇಳುವ ಕೆಲಸ ಸಿಕ್ಕಿತು.

ಟ್ರೇಯಲ್ಲಿ ಮಣ್ಣಿನ ಜಾಗಕ್ಕೆ ಫಿಲ್ಟರಿನಲ್ಲಿ ಉಳಿದ ಕಾಫಿಪುಡಿ ಹರಡಿ. ನಮ್ಮ ಮನೆಗಳಲ್ಲಿ ಇದಕ್ಕೇನು ಬರ? ಒಂದು ವಾರದ್ದು ಕೂಡಿಟ್ಟು, ಬೇಕಿಂಗ್ ಟ್ರೇ ಮೇಲೆ ತೆಳ್ಳಗೆ ಹರಡಿ, 200 ಡಿಗ್ರಿ ಫ್ಯಾರನ್‌ಹೀಟ್ ಓವನ್‌ನಲ್ಲಿ ಪೂರ್ತಿ ಒಣಗುವ ತನಕ ಇಡಿ. ತೇವ ಉಳಿದರೆ ಬೂಷ್ಟು ಬರುತ್ತದೆ. ನಿಜವಾದ ಮಣ್ಣಿಗಿಂತ ಇದು ಕಪ್ಪು, ಹೊಳಪು ಚೂರೂ ಇಲ್ಲ, ಊಟದ ಮೇಜಿನ ಮೇಲೆ ಚೆಲ್ಲಿದರೂ ಯಾರಿಗೂ ಕೇಡಿಲ್ಲ.

ಇನ್ನು ಬೆಳಕು. ಅಕ್ಟೋಬರ್ 31ಕ್ಕೆ ನ್ಯೂಜೆರ್ಸಿಯಲ್ಲಿ ಸೂರ್ಯ ಮುಳುಗುವುದು ಸಂಜೆ 6ಕ್ಕೆ ಸ್ವಲ್ಪ ಮೊದಲು. ಮಕ್ಕಳು ಕ್ಯಾಂಡಿ ಚೀಲ ಹೊತ್ತು ಬರುವ ಹೊತ್ತಿಗೆ ಪೂರ್ತಿ ಕತ್ತಲೆ. ಚಾವಣಿ ದೀಪ ಆರಿಸಿ. ತಟ್ಟೆಗೆ ಬಡಿಸಿಕೊಳ್ಳಲು ಅಡುಗೆಮನೆಯ ಬೆಳಕು ಬಾಗಿಲಿಂದ ಬಂದರೆ ಸಾಕು. ಒಂದು ಚಿಕ್ಕ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ತನ್ನಿ. ಬೆಕ್ಕು ನಾಯಿ ಸಾಕಿದವರು ಕಾರ್ಪೆಟ್ ಮೇಲೆ ಮೂತ್ರದ ಕಲೆ ಹುಡುಕಲು ಇಟ್ಟುಕೊಳ್ಳುತ್ತಾರಲ್ಲ, ಅದೇ. 395 ನ್ಯಾನೊಮೀಟರ್ ಅಂತ ಬರೆದಿರುತ್ತದೆ, ಏಳೆಂಟು ಡಾಲರ್. ಅದನ್ನು ಕುಂಬಳದ ಹಿಂದೆ ಅಡಗಿಸಿ, ಕೆಳಗಿನಿಂದ ದೆವ್ವದ ಕಡೆಗೆ ತಿರುಗಿಸಿ. ಬಟ್ಟೆ ಒಗೆಯಿರಿ ಅಂದದ್ದು ಇದಕ್ಕೆ. ಹೆಚ್ಚಿನ ಬಟ್ಟೆ ಸೋಪುಗಳಲ್ಲಿ ಬಿಳಿಯನ್ನು ಇನ್ನೂ ಬಿಳಿ ಮಾಡುವ ರಾಸಾಯನಿಕ ಇರುತ್ತದೆ. ಅದು ಯುವಿ ಬೆಳಕನ್ನು ಹೀರಿ ನೀಲಿ ಬೆಳಕಾಗಿ ವಾಪಸ್ ಕೊಡುತ್ತದೆ. ಹಾಗಾಗಿ ಕತ್ತಲೆಯಲ್ಲಿ ದೆವ್ವ ತಾನೇ ಬೆಳಗಿದಂತೆ ಕಾಣುತ್ತದೆ. ಟಾರ್ಚ್ ಮಕ್ಕಳ ಕಣ್ಣಿಗೆ ನೇರ ಬೀಳದಂತೆ ಟೇಪ್ ಹಾಕಿ ಬಿಗಿ ಮಾಡಿ.

ಟಾರ್ಚ್ ಹೇಗೂ ಇದೆಯಲ್ಲ, ಹಳೆಯ ಗಾಜಿನ ಬಾಟಲಿ ಎರಡಕ್ಕೆ ಟಾನಿಕ್ ವಾಟರ್ ತುಂಬಿಡಿ. ಟಾನಿಕ್ಕೇ ಆಗಬೇಕು, ಸೋಡಾ ನೀರು ಆಗುವುದಿಲ್ಲ. ಅದರಲ್ಲಿರುವ ಕ್ವಿನೈನ್, ಅದೇ ಮಲೇರಿಯಾಕ್ಕೆ ಕೊಡುತ್ತಿದ್ದ ಕಹಿ ಔಷಧಿ, ಯುವಿ ಬಿದ್ದರೆ ತಿಳಿನೀಲಿಯಾಗಿ ಹೊಳೆಯುತ್ತದೆ. ಬ್ರೂ ಕಾಫಿ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಚೀಟಿ ಅಂಟಿಸಿ, ಏನು ಬೇಕಾದರೂ ಬರೆಯಿರಿ. ಮಕ್ಕಳಿಗೆ ಬಿಡುವ ಕೆಲಸ ಅದು.

ಡ್ರೈ ಐಸ್ ವಿಷಯಕ್ಕೆ ನನ್ನ ಉತ್ತರ, ನಿಮ್ಮ ಮೇಜಿಗೆ ಬೇಡ. ಅದು ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಸೊನ್ನೆಗಿಂತ 78 ಡಿಗ್ರಿ ಸೆಲ್ಸಿಯಸ್ ಕೆಳಗೆ. ಬರಿಗೈಯಲ್ಲಿ ಹಿಡಿದರೆ ಸುಟ್ಟ ಹಾಗೇ ಗಾಯ. ಅದರಿಂದ ಬರುವ ಗ್ಯಾಸ್ ಗಾಳಿಗಿಂತ ಭಾರ, ಮೇಜಿನಂಚಿನಿಂದ ಕೆಳಗಿಳಿಯುತ್ತದೆ. ಕೆಳಗೆ ಇರುವುದು 3 ವರ್ಷದ ಮಗುವಿನ ಮುಖ. ಕಿಟಕಿ ಮುಚ್ಚಿ ಹೀಟರ್ ಹಾಕಿದ ಮನೆ ಬೇರೆ. ತುಂಡೊಂದು ಪಾನಕದ ಲೋಟಕ್ಕೆ ಬಿದ್ದು ಯಾರಾದರೂ ನುಂಗಿದರೆ ಮುಗಿದೇಹೋಯಿತು. ಹೊಗೆ ಬೇಕೇಬೇಕು ಅಂದರೆ ಹೊರಗೆ, ಮುಂಬಾಗಿಲ ಮೆಟ್ಟಿಲ ಪಕ್ಕ, ಕೈಗವಸು ಹಾಕಿದ ದೊಡ್ಡವರೊಬ್ಬರು ನಿಂತು, ಬಾಯಿ ತೆರೆದ ಪಾತ್ರೆಯ ಬಿಸಿನೀರಿಗೆ ಹಾಕಲಿ. ಮುಚ್ಚಳ ಬಿಗಿದ ಡಬ್ಬಿಯಲ್ಲಿ ಎಂದಿಗೂ ಇಡಬಾರದು, ಒಡೆದು ಸಿಡಿಯುತ್ತದೆ.

ನಿಜವಾದ ಬೆಂಕಿಯೂ ಬೇಡ. ಸಡಿಲ ನೇಯ್ಗೆಯ ಬಟ್ಟೆಗೆ ಕಿಡಿ ತಾಗಿದರೆ ಆರಿಸಲು ಪುರುಸೊತ್ತು ಸಿಗುವುದಿಲ್ಲ, ಮಕ್ಕಳ ವೇಷದ ಜೋಲುವ ತೋಳುಗಳೂ ಅಲ್ಲೇ ಓಡಾಡುತ್ತಿರುತ್ತವೆ. ಇಲ್ಲಿ ಎಲ್ಲರೂ ಮರೆಯುವ ಬೆಂಕಿ ಒಂದಿದೆ: ಪಾಟ್‌ಲಕ್‌ನ ಅಲ್ಯೂಮಿನಿಯಂ ಟ್ರೇಗಳ ಕೆಳಗೆ ಹಚ್ಚುವ ಸ್ಟರ್ನೋ ಡಬ್ಬಿ. ಬಿಸಿಬೇಳೆಬಾತ್‌ನ ಟ್ರೇಯನ್ನು ಮೇಜಿನ ತುದಿಗೆ ಕಳಿಸಿ, ದೆವ್ವದಿಂದ ಮೂರಡಿ ದೂರ ಇರಲಿ. ಬಾತಿನ ಹಬೆ ತಾಗಿದರೂ ಅಂಟು ಮೆತ್ತಗಾಗಿ ದೆವ್ವ ಮಂಡಿಯೂರುತ್ತದೆ.

ಬ್ಯಾಟರಿ ದೀಪ ಅಂದಮೇಲೆ ಬ್ಯಾಟರಿಯನ್ನೂ ನೋಡಲೇಬೇಕು. ಟೀ ಲೈಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್2032 ಅನ್ನುವ ನಾಣ್ಯದಂಥ ಬಿಲ್ಲೆ ಬ್ಯಾಟರಿ. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಡಬಲ್ಲದು. 2022ರಲ್ಲಿ ಅಮೆರಿಕದಲ್ಲಿ ರೀಸ್ ಕಾಯ್ದೆ ಬಂದಿದ್ದೇ ಇದಕ್ಕೆ. ಇಂಥ ಬ್ಯಾಟರಿ ಇರುವ ವಸ್ತುಗಳ ಮುಚ್ಚಳ ಮಕ್ಕಳ ಕೈಗೆ ಸುಲಭವಾಗಿ ತೆರೆಯಬಾರದು. ಹೊಸದಕ್ಕೆ ಸಾಮಾನ್ಯವಾಗಿ ಸ್ಕ್ರೂ ಇರುತ್ತದೆ. ನಿಮ್ಮ ಹಳೆಯ ಡಬ್ಬಿಯಲ್ಲಿರುವವನ್ನು ತಿರುಗಿಸಿ ನೋಡಿ. ಉಗುರಿನಲ್ಲಿ ತೆರೆಯುವಂತಿದ್ದರೆ ಈ ಪಾರ್ಟಿಗೆ ಅವು ಬೇಡ. ನುಂಗಿದ ಅನುಮಾನ ಬಂದರೂ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಎತ್ತರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೂತು ಉಣ್ಣುವ ಮೇಜಾದರೆ ಅಲಂಕಾರ 12 ಇಂಚು ಮೀರಬಾರದು, ಎದುರಿನವರ ಮುಖ ಕಾಣಬೇಕು. ನಿಮ್ಮದು ನಿಂತು ಬಡಿಸಿಕೊಳ್ಳುವ ಮೇಜು. ಗೋಡೆಗೆ ತಾಗಿಸಿ ಇಟ್ಟರೆ ಎರಡಡಿ ಕೊಂಬೆಯೂ ಅಡ್ಡಿಯಿಲ್ಲ, ಜೊತೆಗೆ ಗೋಡೆಯ ಮೇಲೆ ಅದರ ನೆರಳು ಪುಕ್ಕಟೆ.

ಲೆಕ್ಕ ಹಾಕಿದರೆ ಚೀಸ್‌ಕ್ಲಾತ್, ಟಾರ್ಚ್, ಕುಂಬಳ, ಅಂಟು, ಎರಡು ಮೂರು ಬಾಟಲಿ ಬಣ್ಣ, ಟೀ ಲೈಟ್, ಟಾನಿಕ್. ಎಲ್ಲ ಹೊಸದಾಗಿ ಕೊಂಡರೆ 20 ದಾಟಿ 25ರ ಹತ್ತಿರ ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ಅಂಟು, ಬಣ್ಣ ಇದ್ದೇ ಇರುತ್ತದೆ, ಆಗ 20ರೊಳಗೆ ಮುಗಿಯುತ್ತದೆ. ಕೊಳ್ಳುವುದಿದ್ದರೆ ಡಾಲರ್ ಟ್ರೀಯಲ್ಲೇ ನೋಡಿ. 2021ರ ಕೊನೆಯಲ್ಲಿ ಒಂದು ಡಾಲರ್ ಹೋಗಿ 1.25 ಆಯಿತು, ಈಗ ಕೆಲವಕ್ಕೆ ಇನ್ನೂ ಜಾಸ್ತಿ. ಆದರೂ ಅಂಟು, ಬಣ್ಣಕ್ಕೆ ಅದಕ್ಕಿಂತ ಅಗ್ಗ ಸಿಗುವುದು ಕಷ್ಟ. ಮೊದಲು ಇಂಥದ್ದಕ್ಕೆ ಓಡುತ್ತಿದ್ದ ಜೋಆನ್ ಕರಕುಶಲ ಸಾಮಗ್ರಿ ಅಂಗಡಿಗಳು 2025ರಲ್ಲಿ ಮುಚ್ಚಿಹೋದವು. ಕೂಪನ್ ಹಿಡಿದು ಹೋಗುವುದಾದರೆ ಮೈಕಲ್ಸ್ ಇದೆ. ಬಾಟಲಿ, ಟ್ರೇಗೆ ಬಳಸಿದ ಸಾಮಾನು ಮಾರುವ ಗುಡ್‌ವಿಲ್ ಅಂಗಡಿ ಸಾಕು.

ಮುಂದಿನ ವರ್ಷಕ್ಕೆ ಎತ್ತಿಡಬಹುದು. ದೆವ್ವದ ಒಳಗೆ ಹಳೆ ದಿನಪತ್ರಿಕೆ ಮುದ್ದೆ ಮಾಡಿ ತುಂಬಿ, ಒಣ ಜಾಗದಲ್ಲಿ ರಟ್ಟಿನ ಡಬ್ಬಿಯೊಳಗೆ ನಿಲ್ಲಿಸಿ ಇಡಿ. ಬೇಸ್‌ಮೆಂಟ್ ತೇವ ಇದ್ದರೆ ಅಲ್ಲಿ ಬೇಡ. ಟೀ ಲೈಟ್, ಟಾರ್ಚ್‌ಗಳಿಂದ ಬ್ಯಾಟರಿ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಹಾಳಾಗುತ್ತವೆ. ಮುದುಡಿದ ಮಡಿಕೆಗಳನ್ನು ಮುಂದಿನ ಅಕ್ಟೋಬರ್‌ನಲ್ಲಿ ಅಂಟುನೀರು ಚಿಮುಕಿಸಿ ಮತ್ತೆ ಬಾಟಲಿಗೆ ಹೊದಿಸಿದರೆ ಸರಿಹೋಗುತ್ತದೆ. ಕಾಫಿಪುಡಿಯನ್ನು ಗಿಡದ ಬುಡಕ್ಕೆ ಹಾಕಿ. ಕುಂಬಳವನ್ನು ನವೆಂಬರ್ ಪೂರ್ತಿ ಮುಂಬಾಗಿಲಲ್ಲಿ ಇಟ್ಟುಕೊಳ್ಳಬಹುದು. ದೃಷ್ಟಿಗೆ ಅಂತ ಅತ್ತೆಯವರೇ ಇಡಿಸಿಯಾರು.